ಟ್ರೈಲರ್ ಲೈಟ್ ಕಿಟ್, ಟೇಪ್, ಕೊಂಡಿ ಪಿನ್: ಮಂಡ್ಯದ ಕಬ್ಬಿನ ಟ್ರ್ಯಾಕ್ಟರ್‌ಗೆ ಯಾವುದು ಬೇಕು, ಯಾವುದು ದುಡ್ಡು ದಂಡ

ಮಂಡ್ಯ, ಮದ್ದೂರು, ಪಾಂಡವಪುರದ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಟ್ರೈಲರ್‌ಗೆಂದು ಮಾರುವ ಲೈಟ್ ಕಿಟ್ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಎರಡು ಟೈಲ್ ಲ್ಯಾಂಪು, ಏಳು ಎಳೆಯ ಕೇಬಲ್ಲು, ಏಳು ಪಿನ್ನಿನ ಪ್ಲಗ್ಗು, ಒಂದು ಪೊಟ್ಟಣ ಸ್ಕ್ರೂ. ಇದಕ್ಕೆ ರಿಫ್ಲೆಕ್ಟರ್ ಟೇಪು, ಟ್ರೈಲರನ್ನು ಟ್ರ್ಯಾಕ್ಟರಿಗೆ ಸೇರಿಸುವ ಕೊಂಡಿ (ಹಿಚ್) ಪಿನ್ನು, ಸೇಫ್ಟಿ ಚೈನು ಸೇರಿಸಿದರೂ ಒಂದು ಟ್ಯಾಂಕ್ ಡೀಸೆಲ್‌ನಷ್ಟು ಖರ್ಚು ಬರುವುದಿಲ್ಲ. ಆದರೂ ಕಾರ್ಖಾನೆ ಗೇಟಿನ ಮುಂದೆ ಸಾಲಾಗಿ ನಿಂತ ಟ್ರೈಲರ್‌ಗಳ ಹಿಂಬದಿ ನೋಡಿದರೆ ಅರ್ಧಕ್ಕರ್ಧ ಕತ್ತಲು. ಎಂಜಿನ್ನಿಗೆ, ಟೈರಿಗೆ, ಸ್ಪೀಕರ್‌ಗೆ ಸುರಿಯುವ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಹಿಂಭಾಗಕ್ಕೆ ಹೋಗಿದ್ದರೂ ಸಾಕಿತ್ತು. ಬೆಂಗಳೂರು–ಮೈಸೂರು ಎನ್‌ಎಚ್ 275ರ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಹತ್ತುವಂತಿಲ್ಲ, ಟ್ರೈಲರ್ ಇರಲಿ ಬಿಡಲಿ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲವೂ ಒಂದೇ ಸಾಲಿನಲ್ಲಿ ಬರುವುದರಿಂದ ಹಿಂದಿನವನಿಗೆ ಕಾಣುವುದೇ ಮುಖ್ಯ ಪ್ರಶ್ನೆ.

ಮೊದಲು ಲ್ಯಾಂಪು. ಕೌಂಟರಿನಲ್ಲಿ ಎರಡು ಬಗೆ ತೋರಿಸುತ್ತಾರೆ: ಬಲ್ಬಿನದು, ಎಲ್‌ಇಡಿಯದು. ಬಲ್ಬಿನದು ಅಗ್ಗ, ಬಲ್ಬು ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಸ್ಪ್ರಿಂಗ್ ಇಲ್ಲದ ಟ್ರೈಲರ್ ಗದ್ದೆ ಬದಿಯ ದಾರಿಯಲ್ಲಿ ಕುಣಿಯುವ ಕುಣಿತಕ್ಕೆ ಫಿಲಮೆಂಟ್ ತಾಳುವುದಿಲ್ಲ. ಲೆನ್ಸ್ ಅಂಚಿನಿಂದ ನೀರು ಇಳಿದು ಹೋಲ್ಡರ್ ತುಕ್ಕು ಹಿಡಿಯುತ್ತದೆ. ಒಳಗೆ ರೆಸಿನ್ ತುಂಬಿ ಸೀಲ್ ಮಾಡಿದ 12 ವೋಲ್ಟ್ ಎಲ್‌ಇಡಿ ಲ್ಯಾಂಪು ತೆಗೆದುಕೊಳ್ಳಿ. ಲ್ಯಾಂಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಲಗಲ ಅಂದರೆ ವಾಪಸ್ ಕೊಡಿ. ಲಾರಿಗೆಂದು ಬರುವ 24 ವೋಲ್ಟಿನದನ್ನು ಗೊತ್ತಿಲ್ಲದೆ ಕೊಡುವ ಹುಡುಗರಿದ್ದಾರೆ. ಅದು ಟ್ರ್ಯಾಕ್ಟರಿನಲ್ಲಿ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ. ಅಂಗಡಿಯ ಬ್ಯಾಟರಿಗೇ ಮುಟ್ಟಿಸಿ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರನ್ನೂ ಬಿಸಿಲಲ್ಲಿ ನೋಡಿ. ಬ್ರೇಕ್ ಬೆಳಕಿಗೂ ಪಾರ್ಕಿಂಗ್ ಬೆಳಕಿಗೂ ಎದ್ದು ಕಾಣುವ ವ್ಯತ್ಯಾಸ ಇಲ್ಲದಿದ್ದರೆ ಆ ಲ್ಯಾಂಪು ಪ್ರಯೋಜನವಿಲ್ಲ.

ಎಲ್‌ಇಡಿಯಿಂದ ಒಂದೇ ತಾಪತ್ರಯ. ಇಂಡಿಕೇಟರನ್ನು ಮಿನುಗಿಸುವ ಟ್ರ್ಯಾಕ್ಟರಿನ ಫ್ಲ್ಯಾಷರ್ 21 ವ್ಯಾಟ್ ಬಲ್ಬಿನ ಲೆಕ್ಕಕ್ಕೆ ಮಾಡಿದ್ದು. ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ, ಟ್ರ್ಯಾಕ್ಟರಿನ ಬಲ್ಬುಗಳನ್ನೂ ಬದಲಿಸಿಬಿಟ್ಟರೆ ಇಂಡಿಕೇಟರ್ ಪಟಪಟನೆ ಬಡಿದುಕೊಳ್ಳುತ್ತದೆ ಅಥವಾ ಬಡಿಯುವುದೇ ಇಲ್ಲ. ಎಲ್‌ಇಡಿಗೆ ಒಗ್ಗುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿದರೆ ಸರಿಹೋಗುತ್ತದೆ.

ಕಿಟ್‌ನಲ್ಲಿ ಬರುವ ಕೇಬಲ್ಲೇ ಅದರ ದುರ್ಬಲ ಭಾಗ. 12 ಅಡಿ ಟ್ರೈಲರ್‌ಗೆ ಡ್ರಾಬಾರ್ (ಮುಂದೆ ಚಾಚಿದ ಎಳೆಯುವ ಕಂಬಿ), ತಿರುಗುವಾಗ ಬೇಕಾದ ಸಡಿಲ, ಹಿಂದೆ ಎಡದಿಂದ ಬಲಕ್ಕೆ ಹೋಗುವ ಅಗಲ ಎಲ್ಲ ಸೇರಿ 8 ಮೀಟರ್ ಬೇಕು. ಕಿಟ್‌ನದು ಸಾಮಾನ್ಯವಾಗಿ ಅಷ್ಟು ಉದ್ದ ಇರುವುದಿಲ್ಲ. ನಡುವೆ ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತಿ ಜೋಡಿಸಿದ ಜಾಗದಲ್ಲಿ ಮೊದಲ ಮಳೆಗೇ ತಾಮ್ರ ಹಸಿರು ತಿರುಗುತ್ತದೆ. ಕೇಬಲ್ ಬೇರೆಯಾಗಿ ಅಳತೆಗೆ ಕೊಂಡು, ಚಾಸಿ ಒಳಗಡೆ ಅರ್ಧ ಮೀಟರಿಗೊಂದು ಕ್ಲಿಪ್ ಹಾಕಿ. ಪ್ಲಗ್ಗಿನ ಜೋಡಣೆ 12 ವೋಲ್ಟಿನ ರೂಢಿಯ ಕ್ರಮದಲ್ಲಿರಲಿ: 1 ಎಡ ಇಂಡಿಕೇಟರ್, 3 ಅರ್ತ್ (ಕರೆಂಟ್ ವಾಪಸ್ ಬರುವ ತಂತಿ), 4 ಬಲ ಇಂಡಿಕೇಟರ್, 5 ಬಲ ಪಾರ್ಕಿಂಗ್, 6 ಬ್ರೇಕ್, 7 ಎಡ ಪಾರ್ಕಿಂಗ್. 2ನೆಯದು ಹಿಂದಿನ ಫಾಗ್ ಲ್ಯಾಂಪಿನದು, ನಮಗೆ ಖಾಲಿ. ಮೆಕ್ಯಾನಿಕ್ ತನಗೆ ತೋಚಿದ ಕ್ರಮದಲ್ಲಿ ಕಟ್ಟಿದರೆ ನಿಮ್ಮ ಟ್ರ್ಯಾಕ್ಟರಿಗೆ ಸರಿಹೊಂದಬಹುದು. ಪಕ್ಕದ ಮನೆಯವರ ಟ್ರ್ಯಾಕ್ಟರು ಅದೇ ಟ್ರೈಲರ್ ಎಳೆದ ದಿನ ಎಡಕ್ಕೆ ತಿರುಗುವಾಗ ಬ್ರೇಕ್ ಲೈಟ್ ಮಿನುಗುತ್ತದೆ.

ಟ್ರೈಲರ್ ಲೈಟ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಅರ್ತನ್ನು. ಮೂರನೇ ತಂತಿಯನ್ನು ಕಟ್ಟದೆ, ಲ್ಯಾಂಪಿನ ಅರ್ತನ್ನು ಟ್ರೈಲರ್ ಬಾಡಿಗೆ ಕಚ್ಚಿಸಿ ಬಿಡುತ್ತಾರೆ. ಆಗ ಕರೆಂಟ್ ವಾಪಸ್ ಬರಲು ಕೊಂಡಿ ಪಿನ್ ಒಂದೇ ದಾರಿ. ಪಿನ್ನಿಗೆ ಗ್ರೀಸು, ಮಣ್ಣು, ತುಕ್ಕು. ಗುಂಡಿಗೆ ಬಿದ್ದಾಗಲೆಲ್ಲ ಲೈಟು ಆರಿ ಹೊತ್ತುತ್ತದೆ. ಎಡ ಇಂಡಿಕೇಟರ್ ಹಾಕಿದಾಗ ಎರಡೂ ಪಾರ್ಕಿಂಗ್ ಲೈಟು ಮಂಕಾಗಿ ಮಿನುಗಿದರೆ ಬೇರೇನೂ ಹುಡುಕಬೇಡಿ, ಅರ್ತೇ ಹೋಗಿದೆ. ಎರಡೂ ಲ್ಯಾಂಪಿನಿಂದ ಪ್ರತ್ಯೇಕ ತಂತಿ ಎಳೆದು ಪಿನ್ 3ಕ್ಕೆ ಸೇರಿಸಿ, ಉಳಿದವಕ್ಕಿಂತ ದಪ್ಪ ತಂತಿಯೇ ಇರಲಿ. ಬಲ್ಬಿನ ಲ್ಯಾಂಪಾದರೆ ಬ್ರೇಕು, ಪಾರ್ಕಿಂಗು, ಒಂದು ಇಂಡಿಕೇಟರ್ ಸೇರಿ ಸುಮಾರು 6 ಆಂಪಿಯರ್ ಆ ಒಂದೇ ತಂತಿಯಲ್ಲಿ ಹರಿಯುತ್ತದೆ. ಪ್ಲಗ್ಗಿನ ಸೀಳು ಪಿನ್ನುಗಳು ಒತ್ತಿ ಮುಚ್ಚಿಕೊಂಡಿದ್ದರೆ ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಕೂದಲೆಳೆಯಷ್ಟು ಅಗಲಿಸಿ. ಸಾಕೆಟ್ಟಿಗೆ ಮುಚ್ಚಳ ಇಲ್ಲದ ಕಿಟ್ಟನ್ನು ಪುಕ್ಕಟೆ ಕೊಟ್ಟರೂ ಬೇಡ.

ಇಷ್ಟೆಲ್ಲ ಸರಿಯಿದ್ದರೂ ಕಬ್ಬು ತುಂಬಿದ ಮೇಲೆ ಲ್ಯಾಂಪು ಕಾಣುವುದೇ ಇಲ್ಲ. ಜಲ್ಲೆ ಹಿಂದಕ್ಕೆ ಎರಡು ಮೂರು ಅಡಿ ಚಾಚಿಕೊಂಡು ಸೋಗೆ ಇಳಿಬಿದ್ದು ಲೈಟು, ಟೇಪು, ನಂಬರು ಎಲ್ಲ ಮುಚ್ಚಿಹೋಗುತ್ತವೆ. ಅದಕ್ಕೇ ಇಲ್ಲಿ ಕಿಟ್‌ಗಿಂತ ಹೆಚ್ಚು ಅಂಕ ಲೈಟ್ ಬೋರ್ಡಿಗೆ: ಟ್ರೈಲರ್ ಅಗಲದ್ದೇ ಒಂದು ಹಲಗೆ ಅಥವಾ ತಗಡಿನ ಪಟ್ಟಿ, ಎರಡು ತುದಿಗೆ ಲ್ಯಾಂಪು, ನಡುವೆ ನಂಬರು, ಕೆಳಗೆ ಕೆಂಪು ಟೇಪು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಗಂಟೆಯ ಕೆಲಸ. ಟ್ರೈಲರ್ ಹಿಂದೆ ಇನ್ನೊಂದು ಏಳು ಪಿನ್ ಸಾಕೆಟ್ ಹಾಕಿ, 2 ಮೀಟರ್ ಕೇಬಲ್ ಬಿಟ್ಟು, ಹೊರೆಯ ತುದಿಗೆ ಹಗ್ಗದಲ್ಲಿ ಬಿಗಿದು ಕಟ್ಟಿದರಾಯಿತು. ಖಾಲಿಯಾಗಿ ಬರುವಾಗ ಹಿಂಬಾಗಿಲಿಗೇ ನೇತುಹಾಕಬಹುದು. ಒಂದು ಮಾತು: ಬೋರ್ಡ್ ಕಟ್ಟಿದ್ದೇವೆಂದು ಹೊರೆ ಚಾಚಿಸುವುದು ಸಕ್ರಮವಾಗುವುದಿಲ್ಲ. ಬಾಡಿಯಿಂದ ಪಕ್ಕಕ್ಕೆ, ಹಿಂದಕ್ಕೆ, ಮಿತಿ ಮೀರಿ ಮೇಲಕ್ಕೆ ಹೊರೆ ಚಾಚಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡವಿದೆ. ತೂಕ ಮೀರಿದರೆ 20,000ದ ಜೊತೆಗೆ ಮೀರಿದ ಪ್ರತಿ ಟನ್ನಿಗೆ 2,000.

ಟೇಪಿನಲ್ಲಿ ಮೋಸ ಜಾಸ್ತಿ. ಹೊಳೆಯುವ ಕೆಂಪು ಸ್ಟಿಕ್ಕರೆಲ್ಲ ರಿಫ್ಲೆಕ್ಟರ್ ಟೇಪಲ್ಲ. ಕೇಳಬೇಕಾದ್ದು ವಾಹನಗಳ ರಿಫ್ಲೆಕ್ಟರ್ ಟೇಪಿನ ಮಾನದಂಡವಾದ ಎಐಎಸ್-090ಕ್ಕೆ ಒಪ್ಪುವ 50 ಮಿಲಿಮೀಟರ್ ಅಗಲದ ಪ್ರಿಸಂ ಟೇಪು. ಹತ್ತಿರದಿಂದ ನೋಡಿದರೆ ಒಳಗೆ ಸಣ್ಣ ಸಣ್ಣ ಚೌಕದ ಜಾಲರಿ ಕಾಣಬೇಕು, ಮೇಲೆ ಅಲ್ಲಲ್ಲಿ ಅನುಮೋದನೆಯ ಗುರುತು ಅಚ್ಚಾಗಿರಬೇಕು. ಪರೀಕ್ಷೆ ಸುಲಭ: ಅಂಗಡಿಯೊಳಗಿನ ಮಬ್ಬಿನಲ್ಲಿ ಒಂದು ತುಂಡನ್ನು ಗೋಡೆಗೆ ಹಿಡಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಮೊಬೈಲ್ ಟಾರ್ಚನ್ನು ಕೆನ್ನೆಯ ಪಕ್ಕದಲ್ಲೇ ಹಿಡಿದು ಬೆಳಕು ಬಿಡಿ. ಒಳ್ಳೆ ಟೇಪು ರಾತ್ರಿ ಬೆಕ್ಕಿನ ಕಣ್ಣಿನಂತೆ ಉರಿಯುತ್ತದೆ, ಸ್ಟಿಕ್ಕರು ಬರೀ ಕೆಂಪು ಬಣ್ಣವಾಗಿಯೇ ಉಳಿಯುತ್ತದೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಬಣ್ಣ ಅದಲು ಬದಲು ಮಾಡಿದರೆ ಎದುರಿನವನಿಗೆ ವಾಹನ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. 12 ಅಡಿ ಉದ್ದ, 6 ಅಡಿ ಅಗಲದ ಟ್ರೈಲರ್‌ಗೆ ಪಕ್ಕಗಳಿಗೆ ಏಳೂವರೆ ಮೀಟರ್, ಹಿಂದೆ ಸುತ್ತಲೂ 5 ಮೀಟರ್, ಮುಂದೆ ಎರಡು ಚಿಕ್ಕ ತುಂಡು ಬೇಕಾಗುತ್ತದೆ.

ಅಂಟಿಸುವ ಜಾಗದಲ್ಲಿ ತಪ್ಪುವವರೇ ಹೆಚ್ಚು. ಡಾಲದ, ಅಂದರೆ ಟ್ರೈಲರ್ ಬದಿಯ ತಗಡು ಬಾಗಿಲಿನ, ಮೇಲಂಚಿಗೆ ಹಾಕಿದರೆ ಕಬ್ಬು ಏರಿಸುವಾಗ ಕಿತ್ತು ಬರುತ್ತದೆ. ಕೆಳಗಿನ ಚಾಸಿ ಚಾನೆಲ್ಲಿನ ಮೇಲೆ ಹಾಕಿ. ಕಾರು, ಬೈಕಿನ ಡಿಮ್ ಲೈಟು ಬೀಳುವ ಎತ್ತರವೂ ಅದೇ. ತಂತಿ ಬ್ರಷ್‌ನಿಂದ ತುಕ್ಕು ಕೆರೆದು, ಪೇಂಟು ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ಥಿನ್ನರ್ ಹಾಕಿ ಹಗುರವಾಗಿ ಒರೆಸಿ ಅಂಟಿಸಿ. ಹಸಿ ಪೇಂಟಿನ ಮೇಲೆ ಹಾಕಿದರೆ ಪೇಂಟಿನ ಸಮೇತ ಸುಲಿದು ಬರುತ್ತದೆ. ರಿವೆಟ್ಟು, ಬೆಸುಗೆ ಗೆರೆ ಬಂದಲ್ಲಿ ಟೇಪನ್ನು ಕತ್ತರಿಸಿ ಬಿಡಿ. ಉಬ್ಬಿನ ಮೇಲೆ ಎಳೆದು ಹಾಕಿದ ಟೇಪಿನೊಳಗೆ ನೀರು ಹೊಕ್ಕು ಪ್ರಿಸಂ ಕಪ್ಪಾಗುತ್ತದೆ. ಆಲೆಮನೆ, ಗದ್ದೆ ಕೆಸರಿನಿಂದ ಬಂದ ದಿನ ಒಂದು ಬಕೆಟ್ ನೀರು ಎರಚುವುದೇ ಅದರ ಸರ್ವಿಸಿಂಗು.

ನಿಧಾನ ವಾಹನದ ತ್ರಿಕೋನ ಫಲಕವನ್ನು, ಅಂದರೆ ನಡುವೆ ಕಿತ್ತಳೆ, ಅಂಚಿಗೆ ಕೆಂಪು ಇರುವುದನ್ನು, ಸಿಕ್ಕರೆ ತೆಗೆದುಕೊಳ್ಳಿ. ಹಗಲು ಕಿತ್ತಳೆ ಹೊಳೆಯುತ್ತದೆ, ರಾತ್ರಿ ಕೆಂಪಂಚು. ತುದಿ ಮೇಲಕ್ಕಿರಬೇಕು.

ಬೇಡವಾದ್ದು ಎಂದರೆ ಬಣ್ಣಬಣ್ಣದ ಓಡುವ ಎಲ್‌ಇಡಿ ಸರ. ಕೇಂದ್ರ ಮೋಟಾರು ವಾಹನ ನಿಯಮ 108ರಂತೆ ಮುಂದಕ್ಕೆ ಕೆಂಪು ಬೆಳಕು, ಹಿಂದಕ್ಕೆ ಕೆಂಪಲ್ಲದ ಬೆಳಕು ಬಿಡುವಂತಿಲ್ಲ. ಉಳುವಾಗ ಹಿಂದೆ ಬೆಳಕು ಬೀಳಲಿಕ್ಕೆ ಮಡ್‌ಗಾರ್ಡ್ ಮೇಲಿರುವ ಪ್ಲೌ ಲ್ಯಾಂಪಿಗೆ ಅದೇ ನಿಯಮದಲ್ಲಿ ವಿನಾಯಿತಿ ಇದೆ, ಹೊಲದ ಕೆಲಸಕ್ಕೆ ಮಾತ್ರ. ನಾಟಿ ಕಾಲದಲ್ಲಿ ಗದ್ದೆಯಿಂದ ಹೊರಟವರು ಅದನ್ನು ಆರಿಸದೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ಬರುತ್ತಾರೆ. ಹಿಂದೆ ಬೈಕಿನವನಿಗೆ ಬಿಳಿ ಲೈಟು ಕಂಡರೆ ಎದುರು ವಾಹನ ಬರುತ್ತಿದೆ ಅಂತಲೇ ಅನ್ನಿಸುವುದು. ಪಕ್ಕಕ್ಕೆ ಸರಿದರೆ ನಾಲೆ. ಕೆಸರುಗದ್ದೆಗೆ ಹಾಕುವ ಕಬ್ಬಿಣದ ಕೇಜ್ ವೀಲ್ ಹಾಕಿಕೊಂಡು ಡಾಂಬರಿಗೆ ಹತ್ತುವುದೂ ಇದೇ ಸಾಲಿನ ಕೆಲಸ: ರಸ್ತೆಯೂ ಕಿತ್ತುಹೋಗುತ್ತದೆ, ಕಬ್ಬಿಣಕ್ಕೆ ಡಾಂಬರಿನ ಮೇಲೆ ಹಿಡಿತವೂ ಸಿಗುವುದಿಲ್ಲ.

ಕೊಂಡಿ ಪಿನ್ನು ಕೇಳಿದರೆ ಅಂಗಡಿಯವನು ದಪ್ಪ ಒಂದನ್ನೇ ನೋಡಿ ಕೊಡುತ್ತಾನೆ. ತೂತಿಗೂ ಪಿನ್ನಿಗೂ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಆಟ ಇರಬಾರದು. ಆಟ ಹೆಚ್ಚಿದ್ದರೆ ಬ್ರೇಕ್ ಒತ್ತಿದಾಗೊಮ್ಮೆ, ಕ್ಲಚ್ ಬಿಟ್ಟಾಗೊಮ್ಮೆ ಸುತ್ತಿಗೆ ಏಟು ಬಿದ್ದು ಪಿನ್ನು ನಡುವೆ ಸವೆದು ಕುತ್ತಿಗೆ ಬೀಳುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಕಂಡರೆ ಬದಲಿಸಿ. ಕೆಳಗೆ ಅದು ಜಾರದಂತೆ ತಡೆಯುವ ಲಿಂಚ್ ಪಿನ್ ಇರಲೇಬೇಕು. ಕಟ್ಟಡದ ಸರಳಿನ ತುಂಡು, ಬೈಂಡಿಂಗ್ ವೈರು ಕೆಲಸಕ್ಕೆ ಬಾರವು. ಸೇಫ್ಟಿ ಚೈನು ಡ್ರಾಬಾರಿನ ಕೆಳಗಿಂದ ಅಡ್ಡಡ್ಡ ಹಾಯಬೇಕು. ಪೂರ್ತಿ ತಿರುಗಲು ಸಡಿಲ ಇರಬೇಕು, ಪಿನ್ನು ಜಾರಿದರೂ ಡ್ರಾಬಾರು ನೆಲಕ್ಕೆ ಬೀಳದಷ್ಟು ಬಿಗಿಯೂ ಇರಬೇಕು. ಹೊರೆಯೆಲ್ಲ ಮುಂದಕ್ಕೆ ತುಂಬಿದರೆ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರವಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ನೇಗಿಲಿನಂಥ ಸಲಕರಣೆಯ ಮೇಲಿನ ಕೊಂಡಿ (ಟಾಪ್ ಲಿಂಕ್) ಕಟ್ಟುವ ಜಾಗದಂಥ ಎತ್ತರಕ್ಕೆ ಹಗ್ಗ, ಚೈನು ಬಿಗಿದು ಎಳೆಯುವುದಂತೂ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಮಗುಚಿಸುವ ನೇರ ದಾರಿ.

ಬ್ರೇಕಿಗೆ ಕೊಳ್ಳುವಂಥದ್ದೇನೂ ಇಲ್ಲ, ಇರುವುದನ್ನು ಬಳಸಬೇಕಷ್ಟೆ. ಎಡ ಬಲ ಪೆಡಲ್‌ಗಳನ್ನು ಕೂಡಿಸುವ ಕೊಂಡಿ ರಸ್ತೆಗೆ ಬಂದ ಕೂಡಲೇ ಬೀಳಬೇಕು. ಬಿಡಿಯಾಗಿದ್ದು ಒಂದು ಪೆಡಲ್ ಮೇಲೆ ಕಾಲು ಬಿದ್ದರೆ ಒಂದೇ ಚಕ್ರ ಕಚ್ಚಿ ವೇಗದಲ್ಲಿ ಟ್ರ್ಯಾಕ್ಟರ್ ಮಗುಚುತ್ತದೆ. ಬ್ರೇಕ್ ಲೈಟ್ ಸ್ವಿಚ್ಚು ಒಂದೇ ಪೆಡಲ್‌ಗೆ ಇದ್ದರೆ ಇನ್ನೊಂದನ್ನು ಒತ್ತಿದಾಗ ಹಿಂದೆ ಲೈಟೂ ಬರುವುದಿಲ್ಲ. ಮೇಲುಕೋಟೆಯಂಥ ಇಳಿಜಾರಿನಲ್ಲಿ ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಟ್ರೈಲರ್‌ಗೆ ಬ್ರೇಕ್ ಇಲ್ಲದಿದ್ದರೆ ನ್ಯೂಟ್ರಲ್‌ನಲ್ಲಿ ಬಿಟ್ಟ ಹೊರೆ ಹಿಂದಿನಿಂದ ತಳ್ಳಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸುತ್ತದೆ.

ಕಾಗದದ ವಿಷಯ ಚುಟುಕಾಗಿ. ಖಾಲಿ ತೂಕ 7,500 ಕೆಜಿ ದಾಟದ ಟ್ರ್ಯಾಕ್ಟರ್ ಕಾಯ್ದೆಯ ಲೆಕ್ಕದಲ್ಲಿ ಲಘು ವಾಹನ, ಎಲ್‌ಎಂವಿ ಲೈಸೆನ್ಸ್ ಸಾಕು. 18 ತುಂಬದ ಹುಡುಗನ ಕೈಗೆ ಕೊಟ್ಟು ಅಪರಾಧ ನಡೆದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು. ಆಸನ ಚಾಲಕನದು ಒಂದೇ, ಮಡ್‌ಗಾರ್ಡ್ ಮೇಲೆ ಕೂತವರು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಟ್ರೈಲರ್ ಕೂಡ ಕಾಯ್ದೆಯಲ್ಲಿ ಮೋಟಾರು ವಾಹನವೇ, ಅದಕ್ಕೂ ನೋಂದಣಿ, ವಿಮೆ ಬೇಕು. ಪಾಲಿಸಿಯಲ್ಲಿ ಟ್ರೈಲರ್ ನಂಬರು ನಮೂದಾಗಿದೆಯೇ ನೋಡಿ.

ಬೋರ್ಡ್ ಬರೆಯುವವರು ಎಡವುವುದು ನಂಬರಿನಲ್ಲಿ. ಟ್ರೈಲರ್‌ನ ಸ್ವಂತ ನಂಬರು ಅದರ ಪಕ್ಕಕ್ಕೆ, ಎಳೆಯುವ ಟ್ರ್ಯಾಕ್ಟರಿನ ನಂಬರು ಹಿಂದಕ್ಕೆ ಬರಬೇಕು. ಇವತ್ತು ಕೆಎ-11, ನಾಳೆ ನಾಗಮಂಗಲದ ನೆಂಟರ ಕೆಎ-54 ಎಳೆಯುವಂತಿದ್ದರೆ ಪೇಂಟಿನಲ್ಲಿ ಬರೆಸಬೇಡಿ, ಎರಡು ಬೋಲ್ಟಿನಲ್ಲಿ ಬಿಚ್ಚಿ ಹಾಕುವ ಪ್ಲೇಟು ಮಾಡಿಸಿ ಲೈಟ್ ಬೋರ್ಡಿನ ನಡುವೆ ಕೂರಿಸಿ. ಅದಕ್ಕೆ ಬೆಳಕು ಬಿಡುವ ಬಿಳಿ ಲ್ಯಾಂಪು ಹೆಚ್ಚಿನ ಕಿಟ್‌ಗಳಲ್ಲಿ ಬರುವುದಿಲ್ಲ. ಬೇರೆಯಾಗಿ ಕೇಳಿ ತೆಗೆದುಕೊಂಡು, ಬೆಳಕು ಪ್ಲೇಟಿನ ಮೇಲೆ ಮಾತ್ರ ಬೀಳುವಂತೆ ಮುಚ್ಚಿಗೆ ಇಟ್ಟು, 7ನೇ ಪಿನ್ನಿನ ಪಾರ್ಕಿಂಗ್ ತಂತಿಗೆ ಸೇರಿಸಿ.