ಒಂದೇ ಅಳತೆಯಲ್ಲಿ ಯುದ್ಧನೌಕೆಗಳು: 1:700 ಮಾದರಿ ಕಿಟ್‌ಗಳ ಜೊತೆ ಹಲವು ಮಳೆಗಾಲ

ಯುದ್ಧನೌಕೆಗಳ ಮಾದರಿ ಕೂಡಿಡುವ ಆಸೆ ಇದ್ದರೆ ಒಂದು ಅಳತೆ ಹಿಡಿಯಿರಿ, ಮತ್ತೆ ಅದನ್ನು ಬಿಡಬೇಡಿ. ನಾನು ಹಿಡಿದದ್ದು 1:700. ಅಂದರೆ ನಿಜವಾದ ಹಡಗಿನ ಏಳು ಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಈ ಹಡಗುಗಳು ಹಲವು ಮಳೆಗಾಲ ಕಳೆದಿವೆ. ಡಬ್ಬ ತೆರೆದ ಖುಷಿಯಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಉಪ್ಪುಗಾಳಿ, ತೇವ, ಮಕ್ಕಳ ಕೈ ಎಲ್ಲ ದಾಟಿದ ಮೇಲೆ ಇವು ಹೇಗಿವೆ ಅನ್ನುವುದನ್ನು ನಾನು ಹೇಳುತ್ತೇನೆ.

ಈ ಅಳತೆ ಇಷ್ಟು ಬಳಕೆಗೆ ಬಂದದ್ದು ಜಪಾನಿನಿಂದ. 1971ರಲ್ಲಿ ಶಿಜುವೊಕಾ ಪ್ರಾಂತ್ಯದ ನಾಲ್ಕು ಕಂಪನಿಗಳು ಸೇರಿ, ಹಡಗುಗಳನ್ನು ತಮ್ಮೊಳಗೆ ಹಂಚಿಕೊಂಡು, ಎಲ್ಲವನ್ನೂ ಒಂದೇ ಅಳತೆಯಲ್ಲಿ ತಂದವು. ನೀರಿನ ಗೆರೆಯವರೆಗೆ ಮಾತ್ರ ಹಡಗು. ಕೆಳಗಿನ ಭಾಗ ಇಲ್ಲ. ಹಾಗಾಗಿ ಹಲಗೆಯ ಮೇಲಿಟ್ಟರೆ ಸಮುದ್ರದಲ್ಲಿ ನಿಂತ ಹಾಗೇ ಕಾಣುತ್ತದೆ, ಸ್ಟ್ಯಾಂಡ್ ಬೇಕಿಲ್ಲ.

ಇವುಗಳ ನಿಜವಾದ ಬೆಲೆ ನನಗೆ ತಿಳಿದದ್ದು ಎರಡು ಹಡಗುಗಳನ್ನು ಅಕ್ಕಪಕ್ಕ ಇಟ್ಟಾಗ. ಒಂದು ಬ್ರಿಟನ್ನಿನ ಡ್ರೆಡ್‌ನಾಟ್, 1906ರದ್ದು. ಇನ್ನೊಂದು ನಮ್ಮ ನೌಕಾಪಡೆಯ ಐಎನ್‌ಎಸ್ ವಿಶಾಖಪಟ್ಟಣಂ, 2021ರ ನವೆಂಬರ್‌ನಲ್ಲಿ ಸೇವೆಗೆ ಸೇರಿದ್ದು. ಡ್ರೆಡ್‌ನಾಟ್ ಸುಮಾರು 160 ಮೀಟರ್ ಉದ್ದ, ವಿಶಾಖಪಟ್ಟಣಂ 163. ಕಪಾಟಿನಲ್ಲಿ ಎರಡೂ 23 ಸೆಂಟಿಮೀಟರ್ ಆಸುಪಾಸು. ಆದರೆ ತೂಕ ನೋಡಿ. ಡ್ರೆಡ್‌ನಾಟ್ 18,000 ಟನ್, ವಿಶಾಖಪಟ್ಟಣಂ 7,400 ಟನ್. ಅಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಉಕ್ಕಿನ ಕವಚ, 12 ಇಂಚಿನ ಹತ್ತು ಫಿರಂಗಿ, ಅವುಗಳ ಗೋಪುರ, ಬಾಯ್ಲರಿಗೆ ಬೇಕಾದ ಕಲ್ಲಿದ್ದಲು. ಇವತ್ತಿನ ಹಡಗಿಗೆ ಆ ದಪ್ಪ ಕವಚ ಇಲ್ಲ. ಏಟು ತಿಂದು ತಡೆದುಕೊಳ್ಳುವುದಕ್ಕಿಂತ ಏಟು ತಾಗದ ಹಾಗೆ ನೋಡಿಕೊಳ್ಳುವುದೇ ಈಗಿನ ರೀತಿ.

ಡ್ರೆಡ್‌ನಾಟ್ ಕಿಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಕಟ್ಟುವಾಗಲೇ ಪಾಠ ಹೇಳುವ ಕಿಟ್. ಐದು ಗೋಪುರಗಳಲ್ಲಿ ಎರಡು ಹಡಗಿನ ಎಡಬಲ ಅಂಚಿನಲ್ಲಿ ಕೂರುತ್ತವೆ. ಅಂಟಿಸುವ ಮೊದಲು ಸುಮ್ನೆ ತಿರುಗಿಸಿ ನೋಡಿ. ಒಂದು ಬದಿಗೆ ನಾಲ್ಕು ಗೋಪುರ, ಅಂದರೆ ಎಂಟು ಫಿರಂಗಿ ಮಾತ್ರ ತಿರುಗುತ್ತವೆ. ಆಚೆ ಬದಿಯ ಗೋಪುರಕ್ಕೆ ನಡುವಿನ ಕಟ್ಟಡ ಅಡ್ಡ. ಆಮೇಲೆ ಮೂರು ಕಾಲಿನ ಮುಂಗಂಬ ಬರುತ್ತದೆ. ಗುರಿ ನೋಡುವವರು ಕೂರುವ ತಾಣ ಅದರ ತುದಿಯಲ್ಲಿ. ಆ ಕಂಬ ಇರುವುದು ಮೊದಲ ಹೊಗೆಕೊಳವೆಯ ಹಿಂದೆ! ಹಡಗು ಮುಂದೆ ಹೋದ ಹಾಗೆ ಬಿಸಿ ಹೊಗೆಯೆಲ್ಲ ಅವರ ಮುಖಕ್ಕೇ. ಆಗಿನ ಎಲ್ಲ ಯುದ್ಧನೌಕೆಗಳನ್ನು ಒಂದೇ ಸಲಕ್ಕೆ ಹಳತು ಮಾಡಿದ ಹಡಗಿನಲ್ಲೂ ಇಂಥದ್ದೊಂದು ಕೊರತೆ. ಚಿತ್ರದಲ್ಲಿ ನೋಡಿದ್ದೆ, ಆದರೆ ಕಂಬವನ್ನು ಚಿಮುಟದಲ್ಲಿ ಹಿಡಿದು ಅಂಟಿಸುವಾಗಲೇ ಸರಿಯಾಗಿ ತಲೆಗೆ ಹೋದದ್ದು. ಟರ್ಬೈನ್ ಎಂಜಿನ್, 21 ನಾಟ್ ವೇಗ ಇವೆಲ್ಲ ಮಾದರಿಯಲ್ಲಿ ಕಾಣುವುದಿಲ್ಲ, ಅದನ್ನು ಓದಿಯೇ ತಿಳಿಯಬೇಕು.

ವಿಶಾಖಪಟ್ಟಣಂ ಡಿಸ್ಟ್ರಾಯರ್ ಜಾತಿಯದು. ಈ ಜಾತಿ ಹುಟ್ಟಿದ್ದು ಟಾರ್ಪಿಡೋ ದೋಣಿಗಳ ಭಯದಿಂದ. 1866ರಲ್ಲಿ ರಾಬರ್ಟ್ ವೈಟ್‌ಹೆಡ್ ನೀರೊಳಗೆ ತಾನೇ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೋ ತಯಾರಿಸಿದ ಮೇಲೆ ಚಿಕ್ಕ ದೋಣಿಯೊಂದು ದೊಡ್ಡ ಹಡಗನ್ನು ಮುಳುಗಿಸಬಹುದು ಅಂತಾಯಿತು. ಅವುಗಳನ್ನು ಬೇಟೆಯಾಡಲು 1893ರಲ್ಲಿ ಬ್ರಿಟನ್ ಹ್ಯಾವಕ್ ಎಂಬ ಹಡಗನ್ನು ನೀರಿಗಿಳಿಸಿತು. ಅದು ಬರೀ 55 ಮೀಟರ್. ಕಿಟ್ ಸಿಗದ ಕಾರಣ ಅದೇ ಅಳತೆಗೆ ರಟ್ಟು ಕತ್ತರಿಸಿ ಬಣ್ಣ ಬಳಿದು ಇಟ್ಟಿದ್ದೇನೆ, ಎಂಟು ಸೆಂಟಿಮೀಟರ್ ಕೂಡ ಬರುವುದಿಲ್ಲ. ಅದರ ಪಕ್ಕ ವಿಶಾಖಪಟ್ಟಣಂ ಮೂರು ಪಟ್ಟು ಉದ್ದ. ಈಗ ಅದರ ಕೆಲಸವೂ ಬೇರೆ: ವಿಮಾನ, ಹಡಗು, ಜಲಾಂತರ್ಗಾಮಿ ಮೂರನ್ನೂ ಎದುರಿಸಬೇಕು. ಆದರೆ ಮಕ್ಕಳಿಗೆ ಈ ಮಾದರಿ ಅಷ್ಟಾಗಿ ಹಿಡಿಸುವುದಿಲ್ಲ. ಮುಂದೆ ಒಂದೇ ಫಿರಂಗಿ, ಉಳಿದದ್ದು ಓರೆ ಗೋಡೆಗಳು. 16 ಬ್ರಹ್ಮೋಸ್, 32 ಬರಾಕ್ ಕ್ಷಿಪಣಿಗಳು ಡೆಕ್ಕಿನ ಚೌಕ ಮುಚ್ಚಳಗಳ ಕೆಳಗೆ ಅಡಗಿವೆ ಅಂತ ಹೇಳಿದರೇ ಕಣ್ಣರಳುತ್ತದೆ.

ಇನ್ನೊಂದು ಜೋಡಿ ಎರಡನೇ ಮಹಾಯುದ್ಧದ ಜಪಾನಿನ ಯುದ್ಧನೌಕೆ ಯಮಾಟೊ ಮತ್ತು ನಮ್ಮದೇ ರಾಜ್ಯದ ಕೊಚ್ಚಿಯಲ್ಲಿ ಕಟ್ಟಿದ ವಿಮಾನವಾಹಕ ನೌಕೆ ವಿಕ್ರಾಂತ್. ಯಮಾಟೊ 263 ಮೀಟರ್, ವಿಕ್ರಾಂತ್ 262. ಪಕ್ಕಪಕ್ಕ ಇಟ್ಟರೆ ತುದಿಗೆ ತುದಿ ಸರಿ. ಯಮಾಟೊ ಫಿರಂಗಿಯ ಬಾಯಿಯೇ 46 ಸೆಂಟಿಮೀಟರ್, ಗುಂಡು 42 ಕಿಲೋಮೀಟರ್ ದೂರ ಹೋಗುತ್ತಿತ್ತು. ಅಂಥ ಫಿರಂಗಿ ಒಂಬತ್ತು ಇದ್ದವು. 1945ರ ಏಪ್ರಿಲ್ 7ರಂದು ಅದನ್ನು ಮುಳುಗಿಸಿದ ಅಮೆರಿಕದ ವಿಮಾನವಾಹಕ ನೌಕೆಗಳು ಆ ಫಿರಂಗಿಗಳ ಹತ್ತಿರಕ್ಕೂ ಬರಲಿಲ್ಲ. ವಿಮಾನ ಮಾತ್ರ ಬಂತು. ಸುಮಾರು 3,000 ಜನ ಸತ್ತರು. ಈ ಕಿಟ್ ಕಟ್ಟುವಾಗ ಆ ಸಂಖ್ಯೆ ಮನಸ್ಸಿನಿಂದ ಹೋಗುವುದಿಲ್ಲ, ಹೋಗಲೂ ಬಾರದು. 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ವಿಕ್ರಾಂತ್ ಪಕ್ಕದಲ್ಲೇ ಇರುವಾಗ, ಆ ಬೃಹತ್ ಗೋಪುರಗಳ ಜಾಗದಲ್ಲಿ ಬರೀ ಸಪಾಟು ಡೆಕ್ ಯಾಕೆ ಬಂತು ಅಂತ ವಿವರಿಸಬೇಕಾಗಿಯೇ ಇಲ್ಲ.

ತುಂಬ ಚಿಕ್ಕ ಜೋಡಿಯೂ ಇದೆ. ಪ್ರಾಚೀನ ಗ್ರೀಕರ ಟ್ರೈರೀಮ್ ಸುಮಾರು 37 ಮೀಟರ್, 170 ಜನ ಹುಟ್ಟು ಹಾಕುತ್ತಿದ್ದರು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರನ್ನು ಮುಳುಗಿಸಿದ ನಮ್ಮ ಕ್ಷಿಪಣಿ ದೋಣಿಯೂ 40 ಮೀಟರ್ ಒಳಗೇ. ಈ ಅಳತೆಯಲ್ಲಿ ಎರಡೂ ಕಿರುಬೆರಳಿನಷ್ಟು. ಚಿಕ್ಕದು ದೊಡ್ಡದನ್ನು ಹೊಡೆಯುವ ಕತೆ ನಮ್ಮ ಕರಾವಳಿಗೆ ಹೊಸದಲ್ಲ. ಕಲ್ಲಿಕೋಟೆಯ ಅರಸ ಸಾಮೂದಿರಿಯ ನೌಕಾಪಡೆ ನಡೆಸಿದ ಕುಂಞಾಲಿ ಮರಕ್ಕಾರರು 16ನೇ ಶತಮಾನದಲ್ಲಿ ಹುಟ್ಟು ಹಾಕುವ ವೇಗದ ದೋಣಿಗಳಿಂದಲೇ ಪೋರ್ಚುಗೀಸರ ದೊಡ್ಡ ಹಡಗುಗಳನ್ನು ಕಾಡಿದರು. ಆ ದೋಣಿಯ ಕಿಟ್ ಯಾರಾದರೂ ಮಾಡಿದರೆ ಮೊದಲು ಕೊಳ್ಳುವವನು ನಾನೇ.

ಈಗ ಕೊರತೆಗಳು. ಶಾಲೆಯ ಹುಡುಗನೊಬ್ಬ ಯಮಾಟೊ ಎತ್ತಿ ಹಿಡಿದು, "ಸಾರ್, ಇದರ ಅಡಿ ಎಲ್ಲಿ?" ಅಂತ ಕೇಳಿದ. ಸರಿಯಾದ ಪ್ರಶ್ನೆ. ನೀರಿನ ಕೆಳಗಿನ ಚರಿತ್ರೆ ಈ ಕಿಟ್‌ಗಳಲ್ಲಿ ಇಲ್ಲವೇ ಇಲ್ಲ. 1866ರ ಲಿಸ್ಸಾ ಕಾಳಗದಲ್ಲಿ ಆಸ್ಟ್ರಿಯಾದ ಹಡಗು ಇಟಲಿಯ ಹಡಗಿಗೆ ಮೂತಿಯಿಂದ ಗುದ್ದಿ ಮುಳುಗಿಸಿತು. ಆಮೇಲೆ ದಶಕಗಳ ಕಾಲ ಯುದ್ಧನೌಕೆಗಳ ಮೂತಿಯನ್ನು ನೀರೊಳಗೆ ಮುಂದಕ್ಕೆ ಚಾಚಿಯೇ ಕಟ್ಟಿದರು. ಅದನ್ನು ಇಲ್ಲಿ ತೋರಿಸಲಾಗದು. ಜಲಾಂತರ್ಗಾಮಿಯಂತೂ ಒಂದು ತೆಳು ಪಟ್ಟಿಯ ಮೇಲೆ ಪುಟ್ಟ ಗೋಪುರ, ಅಷ್ಟೇ. 1971ರ ಡಿಸೆಂಬರ್ 9ರಂದು ದಿಯು ಹತ್ತಿರ ನಮ್ಮ ಖುಕ್ರಿಯನ್ನು ಮುಳುಗಿಸಿದ್ದು ಒಂದು ಜಲಾಂತರ್ಗಾಮಿ. ಅಷ್ಟು ಮುಖ್ಯವಾದ ಹಡಗಿನ ಜಾತಿಗೆ ಇಷ್ಟು ಕಡಿಮೆ ಜಾಗ ಸಾಲದು.

ಹಾಯಿ ಹಡಗುಗಳೂ ಅಪರೂಪ. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕಾಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ನಮ್ಮ ಕಡೆಯ ಮರದ ಹಡಗು, ಆದರೆ ಈ ಅಳತೆಯ ಕಿಟ್ ನನಗೆ ಸಿಕ್ಕಿಲ್ಲ. ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಎರಡನೇ ಮಹಾಯುದ್ಧದ್ದೇ. ಭಾರತದ ಹಡಗು ಬೇಕಿದ್ದರೆ ಹೆಚ್ಚಾಗಿ 3ಡಿ ಪ್ರಿಂಟ್ ಮಾಡಿದ್ದಕ್ಕೆ ಹೋಗಬೇಕು. ನನ್ನ ವಿಕ್ರಾಂತ್ ಅಂಥದ್ದು. ಪಾರ್ಸೆಲ್ ಬಂದಾಗಲೇ ರಾಡಾರ್ ಕಂಬ ಮುರಿದಿತ್ತು, ಮಾರಿದವರು ಫೋನ್ ಎತ್ತಲಿಲ್ಲ. ಏಪ್ರಿಲ್ ಸೆಕೆಗೆ ತೆಳು ಭಾಗಗಳು ಬಾಗಿದವು. ಬಿಸಿನೀರಲ್ಲಿ ಅದ್ದಿ ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಯಾಗುತ್ತದೆ.

ನಮ್ಮ ಹವೆಗೆ ಪ್ಲಾಸ್ಟಿಕ್ ಕಿಟ್ ಚೆನ್ನಾಗಿ ಬಾಳುತ್ತದೆ. ಬಣ್ಣದ್ದೇ ತಲೆನೋವು. ಜೂನ್ ಹಿಡಿದ ಮಳೆಯಲ್ಲಿ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಹಾಲಿನ ಹಾಗೆ ಬಿಳಿ ಪೊರೆ ಕೂರುತ್ತದೆ. ಹಿತ್ತಾಳೆಯ ಕಂಬಿಬೇಲಿಗೆ ಬಣ್ಣ ಒಂದಿಷ್ಟು ಬಿಟ್ಟುಹೋದರೂ ಉಪ್ಪುಗಾಳಿಗೆ ಹಸಿರು ಕಿಲುಬು ಬರುತ್ತದೆ. ಸ್ಟಿಕ್ಕರ್ ಹಾಳೆ ಹಳದಿಯಾದರೆ ಕಿಟಕಿಯ ಬಿಸಿಲಿಗೆ ಕೆಲವು ದಿನ ಅಂಟಿಸಿಡಿ, ಬಹಳ ಮಟ್ಟಿಗೆ ಬಿಳಿಯಾಗುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು.

ಹೊಸಬರು ಯಮಾಟೊದಿಂದ ಶುರು ಮಾಡಬೇಡಿ. ಅದರ ಸಣ್ಣ ಫಿರಂಗಿಗಳನ್ನು ಅಂಟಿಸುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಎರಡನೇ ಮಹಾಯುದ್ಧದ ಒಂದು ಡಿಸ್ಟ್ರಾಯರ್ ತನ್ನಿ, ಬಿಡಿಭಾಗ ಕಡಿಮೆ, ಬೆಲೆಯೂ ಕಡಿಮೆ. ಆಮೇಲೆ ಡ್ರೆಡ್‌ನಾಟ್. ಪೂರ್ತಿ ಅಡಿಭಾಗ ಕೊಡುವ ಕಿಟ್‌ಗಳೂ ಕೆಲವು ಇವೆ, ಡಬ್ಬದ ಮೇಲೆ ನೋಡಿ ಕೊಳ್ಳಿ. ಬಣ್ಣದ ಕೆಲಸ ಮಾತ್ರ ಮೇ ಒಳಗೆ ಮುಗಿಸಿಬಿಡಿ.