ಕೋಳಿ ಶೆಡ್ಡಿಗೆ ಹಕ್ಕಿ ಬಲೆ: ತಗೊಳ್ಳಿ, ಆದ್ರೆ ತಲೆ ಮೇಲೆ ಶೀಟೂ ಇರ್ಲಿ

ಚಿಕ್ಕಬಳ್ಳಾಪುರದ ಬಿ.ಬಿ. ರೋಡಲ್ಲಿ ಒಂದು ಅಂಗಡಿಯಿಂದ ನಮ್ಮ ನಾಟಿ ಕೋಳಿ ಶೆಡ್ಡಿಗೆ ನೈಲಾನ್ ಹಕ್ಕಿ ಬಲೆ ತಂದು ಕಟ್ಟಿದೀವಿ, ಒಂದು ಬೇಸಿಗೆ ಒಂದು ಮಳೆಗಾಲ ಕಳೀತು, ಮಾಲು ಚೆನ್ನಾಗೈತೆ. ಮುಕ್ಕಾಲು ಇಂಚಿನ ಕಣ್ಣು, ಗುಬ್ಬಿನೂ ನುಗ್ಗಲ್ಲ. ಬಿಸಿಲಿಗೆ ದಾರ ಪುಡಿಯಾಗಿಲ್ಲ. ಅಂಚಿಗೆ ಹಗ್ಗ ಹೊಲಿದೇ ಕೊಡ್ತಾರೆ, ಕಂಬಕ್ಕೆ ಬಿಗಿಯಾಗಿ ಎಳೆದು ಕಟ್ಬಹುದು. ಹೆಗ್ಗಣಕ್ಕೆ ಮಾತ್ರ ತಡೆಯಲ್ಲ, ಕೆಳಗಡೆ ಎರಡಡಿ ಕಬ್ಬಿಣದ ಜಾಲರಿ ಹಾಕ್ಲೇಬೇಕು.

ಮಾರೋವಾಗ "ಇದು ಕಟ್ಟಿದ್ರೆ ಹಕ್ಕಿಜ್ವರ ಹತ್ರ ಸುಳಿಯಲ್ಲ ಸಾರ್" ಅಂತಾರೆ, ಆ ಮಾತು ಅರ್ಧ ಮಾತ್ರ ನಿಜ, ಅದಕ್ಕೇ ಇಷ್ಟುದ್ದ ಬರೀತಿರೋದು. 2025ರಲ್ಲಿ ನಮ್ಮ ತಾಲ್ಲೂಕಿನ ವರದಹಳ್ಳೀಲೇ ಹಕ್ಕಿಜ್ವರ ಬಂದು ಕೋಳಿಗಳನ್ನ ಕೊಂದು ಹೂತಿದ್ದು ಎಲ್ರಿಗೂ ಗೊತ್ತು.

ವಲಸೆ ಹಕ್ಕಿಯಿಂದ ಬರುತ್ತಾ ಅಂದ್ರೆ, ಖಂಡಿತ ಬರಬಹುದು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸೇರಿ ಸಾವಿರಾರು ಹಕ್ಕಿ ಎಚ್5ಎನ್1 ಅನ್ನೋ ಹಕ್ಕಿಜ್ವರದ ವೈರಸ್ಸಿಗೆ ಸತ್ವು, ಆಮೇಲೆ ಅದೇ ಬಗೆ ವೈರಸ್ಸು ಯುರೋಪು ಆಫ್ರಿಕಾದಲ್ಲೂ ಸಿಕ್ತು. 2020ರ ಕೊನೇಲಿ ಹಿಮಾಚಲದ ಪೌಂಗ್ ಡ್ಯಾಮಲ್ಲೂ ಇದೇ ಹೆಬ್ಬಾತುಗಳು ರಾಶಿ ರಾಶಿ ಬಿದ್ದಿದ್ವು. ಗದಗದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬರೋದೂ ಇದೇ ಜಾತಿ. ಇನ್ನು ಕೆಲವು ಕಾಡುಬಾತುಗಳಿಗೆ ರೋಗ ಹತ್ತಿದ್ರೂ ಏನೂ ಆಗಲ್ಲ, ಆರಾಮಾಗಿ ಹಾರ್ಕೊಂಡು ಹೋಗಿ ಇನ್ನೊಂದು ಕೆರೇಲಿ ಹಿಕ್ಕೆ ಹಾಕ್ತವೆ, ವೈರಸ್ಸು ಆ ನೀರಲ್ಲಿ ಉಳೀತದೆ, ತಣ್ಣಗಿದ್ದಷ್ಟೂ ಜಾಸ್ತಿ ದಿನ.

ಆದ್ರೆ ಎಲ್ಲಾ ತಪ್ಪನ್ನೂ ಹಕ್ಕಿ ತಲೆಗೆ ಕಟ್ಟೋದು ಅನ್ಯಾಯ. ಈ ಎಚ್5ಎನ್1 ಸಂತತಿ ಮೊದಲು ಸಿಕ್ಕಿದ್ದು 1996ರಲ್ಲಿ ಚೀನಾದ ಗುವಾಂಗ್‌ಡಾಂಗಲ್ಲಿ, ಅದೂ ಸಾಕಿದ ಹೆಬ್ಬಾತಲ್ಲಿ. ಕಾಡುಹಕ್ಕೀಲಿ ಸೌಮ್ಯವಾಗಿರೋ ಎಚ್5, ಎಚ್7 ಬಗೆಯ ಹಕ್ಕಿಜ್ವರದ ವೈರಸ್ಸು ಕೋಳಿಗಳ ಗುಂಪಿಗೆ ಬಂದ್ಮೇಲೆ ಉಗ್ರ ಆಗೋದುಂಟು. ಆಮೇಲೆ ಫಾರ್ಮಿಂದ ಫಾರ್ಮಿಗೆ ಹೊತ್ಕೊಂಡು ಹೋಗೋದು ಕೋಳಿ ಲಾರಿ, ಮೊಟ್ಟೆ ಟ್ರೇ, ಗೊಬ್ಬರ, ನಮ್ಮ ಚಪ್ಪಲಿ. ಇದ್ಯಾವುದನ್ನೂ ಬಲೆ ತಡೆಯಲ್ಲ.

ಇನ್ನೊಂದು ಮುಖ್ಯ ವಿಷಯ, ಬಲೇನ ಅಂಗಳದ ಮೇಲೆ ಚಪ್ಪರದ ತರ ಹಾಸಿದ್ರೆ ಹಕ್ಕಿ ಒಳಗೆ ಬರಲ್ಲ ನಿಜ, ಹಿಕ್ಕೆ ಮಾತ್ರ ಕಣ್ಣಿನಿಂದ ನೇರ ಮೇವಿನ ತಟ್ಟೆಗೇ ಬೀಳುತ್ತೆ. ಬಲೆ ಪಕ್ಕಕ್ಕೆ, ಮೇಲೆ ಶೀಟೇ ಬೇಕು. ಎಚ್.ಎನ್. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಬಿಡೋದು) ಬಂದು ನಮ್ಮ ಕಂದವಾರ ಕೆರೆ ತುಂಬಿರೋದು ನಮಗೆಲ್ಲ ಖುಷಿನೇ, ನೀರುಹಕ್ಕಿ ನೋಡೋಕೂ ಚೆಂದ, ಆದ್ರೆ ಕೆರೆ ನೀರು ತಂದು ಕೋಳಿಗೆ ಕುಡಿಸ್ಬೇಡಿ, ಸಾಕಿದ ಬಾತು ಕೆರೆಗೆ ಬಿಟ್ಟು ಸಂಜೆ ಕೋಳಿ ಜೊತೆ ಕೂಡಬೇಡಿ.

ಬಲೆಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಕಡಿಮೆ ರೇಟಿಗೆ ದೊಡ್ಡ ಕಣ್ಣಿನದೂ ಇಟ್ಟಿದಾರೆ, ಅದರಲ್ಲಿ ಗುಬ್ಬಿ ಸಲೀಸಾಗಿ ತೂರುತ್ತೆ, ತಗೋಬೇಡಿ. ಬಲೆ ಜೊತೇಲೇ ಬಾಗಿಲಲ್ಲಿ ಕಾಲು ಅದ್ದೋ ಔಷಧಿ, ಶೆಡ್ಡೊಳಗೆ ಮಾತ್ರ ಹಾಕೋ ಒಂದು ಜೊತೆ ಗಂಬೂಟೂ ತಗೊಳ್ಳಿ. ಕೋಳಿ ಒಟ್ಟೊಟ್ಟಿಗೆ ಸಾಯೋಕೆ ಶುರುವಾದ್ರೆ ಬರಿಗೈಲಿ ಮುಟ್ಟದೆ, ಯಾರಿಗೂ ಮಾರದೆ, ಅವತ್ತೇ ಪಶು ಆಸ್ಪತ್ರೆಗೆ ಹೇಳಿ.