ಮೇಲ್‌ಪಿಟ್: ಟೆಸ್ಟ್ ಮೇಲ್ ಸರ್ವರ್ ದಾಟಿ ಹೋಗದ ಹಾಗೆ

ಅಸಲಿ ಡೇಟಾಬೇಸಿನ ಕಾಪಿಯನ್ನು ಡೆವಲಪ್‌ಮೆಂಟ್ ಸರ್ವರ್‌ಗೆ ಹಾಕುವವರು ಮೇಲ್‌ಪಿಟ್ (ಟೆಸ್ಟ್ ಮೇಲ್ ಹೊರಗೆ ಹೋಗಲು ಬಿಡದೆ ಹಿಡಿದಿಟ್ಟು ತೋರಿಸುವ ಪ್ರೋಗ್ರಾಂ) ಇಲ್ಲದೆ ಕೆಲಸ ಶುರು ಮಾಡಬೇಡಿ. ಕಾಸರಗೋಡಿನ ನಮ್ಮ ಸಣ್ಣ ಆಫೀಸಿನಲ್ಲಿ ಇದನ್ನು ತುಂಬಾ ಸಮಯದಿಂದ ಬಳಸುತ್ತಿದ್ದೇವೆ. ಸಹಕಾರಿ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡುವವರು ನಾವು. 'ಸಾಲದ ಕಂತು ಬಾಕಿ' ಅಂತ ಒಂದು ಟೆಸ್ಟ್ ಮೇಲ್ ಬದಿಯಡ್ಕದ ಯಾವುದೋ ಅಡಿಕೆ ಬೆಳೆಗಾರರಿಗೆ ಹೋದರೆ ಅವರಿಗೆ ಎಷ್ಟು ಗಾಬರಿ ಆಗಬಹುದು, ಅಲ್ವಾ?

ಇದು ಉಚಿತ, ಒಂದೇ ಫೈಲಿನ ಪ್ರೋಗ್ರಾಂ. 1025ನೇ ಪೋರ್ಟಿನಲ್ಲಿ ಮೇಲ್ ಹಿಡಿದು 8025ರಲ್ಲಿ ಬ್ರೌಸರ್‌ಗೆ ತೋರಿಸುತ್ತದೆ. ಇದೇ ಕೆಲಸ ಮಾಡುವ ಹಳೆಯ ಪ್ರೋಗ್ರಾಂ ಮೇಲ್‌ಹಾಗ್‌ನ ಪೋರ್ಟುಗಳೂ ಇವೇ, ಹಾಗಾಗಿ ಬದಲಾಯಿಸಲು ಕಷ್ಟವಿಲ್ಲ. ಮಳೆಗಾಲದಲ್ಲಿ ನೆಟ್ ಹೋದರೂ ಟೆಸ್ಟಿಂಗ್ ನಿಲ್ಲುವುದಿಲ್ಲ.

ಆದರೆ ಇದರ ನಿಜವಾದ ಬಲ ಇರುವುದು ಆನ್ಸಿಬಲ್ (ಹಲವು ಸರ್ವರ್‌ಗಳನ್ನು ಒಂದೇ ರೀತಿ ಸೆಟ್ ಮಾಡುವ ಟೂಲ್) ಜೊತೆ ಸೇರಿಸಿದಾಗ. ಡೆವ್ (ಡೆವಲಪ್‌ಮೆಂಟ್) ಗುಂಪಿನ ಸರ್ವರ್‌ಗಳಿಗೆ ಒಂದು ರೋಲ್, ಅಂದರೆ ಮಾಡಬೇಕಾದ ಸೆಟ್ಟಿಂಗ್ ಕೆಲಸಗಳ ಪಟ್ಟಿ, ಬರೆದಿದ್ದೇವೆ. ಅದು ಮೇಲ್‌ಪಿಟ್ ಇನ್‌ಸ್ಟಾಲ್ ಮಾಡಿ, ಸರ್ವರಿನಿಂದ ಮೇಲ್ ಕಳಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್‌ನ ರಿಲೇಹೋಸ್ಟನ್ನು (ಮೇಲ್ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವ ಸೆಟ್ಟಿಂಗ್) 127.0.0.1ರ, ಅಂದರೆ ಅದೇ ಸರ್ವರಿನ, 1025ಕ್ಕೆ ತಿರುಗಿಸುತ್ತದೆ. ಯಾರಾದರೂ ಕೈಯಾರೆ ತಿದ್ದಿದರೂ ಪ್ಲೇಬುಕ್ (ರೋಲ್ ಓಡಿಸುವ ಆನ್ಸಿಬಲ್ ಫೈಲ್) ಮತ್ತೆ ಓಡಿಸಿದರೆ ಸರಿಹೋಗುತ್ತದೆ. ಇಷ್ಟಕ್ಕೇ ನೆಚ್ಚಿಕೊಳ್ಳಬೇಡಿ. ಕೆಲವು ಆ್ಯಪ್‌ಗಳು ಪೋಸ್ಟ್‌ಫಿಕ್ಸ್ ಕಡೆ ತಿರುಗಿಯೂ ನೋಡದೆ ಹೊರಗಿನ ಮೇಲ್ ಸರ್ವರ್‌ಗೆ ನೇರ ಹೋಗುತ್ತವೆ. ಅದಕ್ಕೇ ಹೊರಗಿನ ಮೇಲ್ ಸರ್ವರ್‌ಗಳ 25, 465, 587 ಪೋರ್ಟುಗಳಿಗೆ ಹೋಗುವ ದಾರಿಯನ್ನೂ ಅದೇ ರೋಲ್ ಫೈರ್‌ವಾಲ್‌ನಲ್ಲಿ ಮುಚ್ಚುತ್ತದೆ. ಈ ಪೋರ್ಟುಗಳನ್ನು ಬಿಟ್ಟು ವೆಬ್ ಎಪಿಐ (ಹೊರಗಿನ ಮೇಲ್ ಸೇವೆಯ ವೆಬ್ ದಾರಿ) ಮೂಲಕ ಮೇಲ್ ಕಳಿಸುವ ಆ್ಯಪ್ ಇದ್ದರೆ ಅದರ ಕೀಯನ್ನು ಡೆವ್ ಸರ್ವರ್‌ಗೆ ತರಲೇಬೇಡಿ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮೇಲ್‌ನ ಮೂಲರೂಪ ತೋರಿಸುವ ಟ್ಯಾಬ್. ನಮ್ಮ ನೋಟಿಸುಗಳು ಕನ್ನಡ, ಮಲಯಾಳಂ ಎರಡರಲ್ಲೂ ಹೋಗುತ್ತವೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ವ್ಯಂಜನಕ್ಕೆ 3 ಬೈಟ್, ಅದರ ಮೇಲಿನ ಗುಣಿತ ಚಿಹ್ನೆಗೆ ಮತ್ತೆ 3. ಸಬ್ಜೆಕ್ಟ್ ಉದ್ದವಾದರೆ ಅದನ್ನು ತುಂಡು ಮಾಡಿ ಎನ್‌ಕೋಡ್ ಮಾಡಬೇಕು, ಒಂದು ತುಂಡು 75 ಕ್ಯಾರೆಕ್ಟರ್ ಮೀರಬಾರದು. ಹಳೆಯ ಕೋಡ್ ಆ 3 ಬೈಟುಗಳ ನಡುವೆಯೇ ಕತ್ತರಿಸಿದರೆ 'ವಾರ್ಷಿಕ ಮಹಾಸಭೆಯ ಆಮಂತ್ರಣ'ದ ಮಧ್ಯೆ ಪ್ರಶ್ನೆ ಚಿಹ್ನೆಗಳು ಬಂದು ಕೂರುತ್ತವೆ. ಎಲ್ಲಿ ಕತ್ತರಿಸಿದೆ ಅಂತ ಮೂಲರೂಪದಲ್ಲಿ ಕಣ್ಣಿಗೇ ಕಾಣುತ್ತದೆ, ಸುಮ್ನೆ ಫಾಂಟಿನ ಮೇಲೆ ಗುಮಾನಿ ಪಡುತ್ತಾ ಕೂರಬೇಕಿಲ್ಲ.

ಡೀಫಾಲ್ಟ್ ಸೆಟ್ಟಿಂಗ್ಸ್ ನನಗೆ ಹಿಡಿಸಲಿಲ್ಲ. 500 ಮೇಲ್ ಮಾತ್ರ ಉಳಿಯುತ್ತವೆ. ಡೇಟಾಬೇಸ್ ಫೈಲ್ ಎಲ್ಲಿ ಅಂತ ಹೇಳದಿದ್ದರೆ ರೀಸ್ಟಾರ್ಟ್ ಮಾಡಿದಾಗ ಅವೂ ಇಲ್ಲ. ವೆಬ್ ಪುಟಕ್ಕೆ ಪಾಸ್‌ವರ್ಡೂ ಇರುವುದಿಲ್ಲ. ಒಳಗಿರುವುದು ಸದಸ್ಯರ ಸಾಲದ ವಿವರ, ಹಾಗಾಗಿ ಪಾಸ್‌ವರ್ಡ್ ಹಾಕಲೇಬೇಕು. ಮೂರನ್ನೂ ರೋಲ್‌ನಲ್ಲೇ ಬರೆದಿಡಿ.

ಮೇಲ್ ಇನ್‌ಬಾಕ್ಸ್‌ಗೆ ಹೋಗುತ್ತದೋ ಸ್ಪ್ಯಾಮ್‌ಗೋ ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ. ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜವಾಗಿ ಆ ಡೊಮೇನಿನಿಂದಲೇ ಬಂತೇ ಅಂತ ನೋಡುವ ವಿಧಾನಗಳು) ಪರೀಕ್ಷೆಗೆ ನಿಜವಾಗಿಯೂ ಮೇಲ್ ಕಳಿಸಲೇಬೇಕು. ಅದಕ್ಕೆ ಆಫೀಸಿನ ವಿಳಾಸಗಳಿಗೆ ಮಾತ್ರ ಕಳಿಸುವ ಬೇರೆ ಸ್ಟೇಜಿಂಗ್ (ಕೊನೆಯ ಹಂತದ ಪರೀಕ್ಷೆಯ) ಸರ್ವರ್ ಇಟ್ಟುಕೊಂಡಿದ್ದೇವೆ.